ಧರ್ಮದ ದಟ್ಟಿ

(ಮುಂಬಯಿಯಲ್ಲಿ ನಮ್ಮ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೆಂದರೆ ಸಾಹಿತಿಗಳು, ಪಂಡಿತರು, ನಾಡಿನ ಇತಿಹಾಸವನ್ನು ಬಲ್ಲವರು ಮಾತನಾಡತಕ್ಕ ವೇದಿಕೆ. ಅಂಥ ಕಡೆ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ ದುಡಿಯುತ್ತಿರುವ ನಾವು ಬಂದು ನಿಂತಿರುವುದು ಕಾರ್ಯದರ್ಶಿಗಳ ಒತ್ತಾಯದಿಂದ. "ನೀವು ಐದು ಮಂದಿ ಸೇರಿಕೊಂಡು ಭಾನುವಾರ ಬಂತೆಂದರೆ ವಾಚನಾಲಯದಲ್ಲಿ ಏನೋ ನಡೆಸುತ್ತೀರಲ್ಲ, ಅದನ್ನೇ ನಾಲ್ಕು ಮಾತಿನಲ್ಲಿ ಹೇಳಿ" ಎಂದು ಅವರು ಅಪ್ಪಣೆ ಮಾಡಿದರು. ನಾವು ನಡೆಸುತ್ತಿರುವುದು ದೊಡ್ಡ ಕೆಲಸವೇನೂ ಅಲ್ಲ. ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ, ಬೆಲೆಯಿಲ್ಲದೆ ಸಿಕ್ಕುವ ವ್ಯವಸ್ಥೆಯನ್ನು ಹಾಕಿಕೊಟ್ಟು, ಅದನ್ನು ಮೊದಲ ಬಾರಿ ಮುಟ್ಟುವವರ ಪಕ್ಕದಲ್ಲಿ ಕೂತು ಕಲಿಸುತ್ತಿದ್ದೇವೆ. ಅಷ್ಟೇ. ಅದರಲ್ಲಿ ನಾವು ಮಾಡಿದ ತಪ್ಪು ಒಂದು ಉಂಟು. ಅದನ್ನು ಮುಚ್ಚಿಟ್ಟು ಮಾತನಾಡಿದರೆ ಈ ಭಾಷಣಕ್ಕೆ ಅರ್ಥವಿಲ್ಲವಾದುದರಿಂದ ಅದನ್ನೂ ತಮ್ಮ ಮುಂದೆ ಇಡುತ್ತೇವೆ.

ಕಂಪ್ಯೂಟರನ್ನು ಕೊಂಡಾಗ ನಮ್ಮ ಕೈಗೆ ಬರುವುದು ತಗಡು, ಗಾಜು, ತಂತಿ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಗೆ ತರುವವನು, ಇಟ್ಟ ಕಡತವನ್ನು ಇಟ್ಟ ಜಾಗದಿಂದ ಹುಡುಕಿ ಕೊಡುವವನು, ಪ್ರಿಂಟರಿಗೆ ಕೆಲಸ ಹೇಳುವವನು ಒಬ್ಬ ಒಳಗೆ ಇರುತ್ತಾನೆ. ಶಾಖೆಗೆ ಮ್ಯಾನೇಜರು ಇದ್ದ ಹಾಗೆ. ಆಪರೇಟಿಂಗ್ ಸಿಸ್ಟಮ್ ಎನ್ನುವುದು ಈ ಒಳಗಿನ ಮೇಲ್ವಿಚಾರಕನಿಗೆ. ನಮ್ಮಲ್ಲಿ ಬಹುಮಂದಿಯ ಮನೆಯ ಕಂಪ್ಯೂಟರುಗಳಲ್ಲಿ ಆ ಕೆಲಸ ಮಾಡುತ್ತಿದ್ದುದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ 10. ಅದು 2015ರ ಜುಲೈಯಲ್ಲಿ ಬಂದದ್ದು. ಹತ್ತು ವರ್ಷ ನಡೆಸಿ, 2025ರ ಅಕ್ಟೋಬರ್ 14ರಂದು ಕಂಪೆನಿ ಅದರ ಪೋಷಣೆಯನ್ನು ನಿಲ್ಲಿಸಿತು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಾಯಿದೆಯನ್ನು ಬೇರೆಯಾಗಿ ಇಟ್ಟಿತು.

ಪೋಷಣೆ ನಿಂತಿತೆಂದರೆ ಕಂಪ್ಯೂಟರ್ ಅಂದು ರಾತ್ರಿಯೇ ಕಣ್ಣು ಮುಚ್ಚಿತೆಂದಲ್ಲ. ಅದು ಎಂದಿನಂತೆ ನಡೆಯುತ್ತದೆ. ಆದರೆ ಒಳಗಿನ ಬೀಗಗಳಲ್ಲಿ ಹೊಸ ಹೊಸ ದೋಷಗಳನ್ನು ಕಳ್ಳರು ಕಂಡುಹಿಡಿದಂತೆಲ್ಲ ಕಂಪೆನಿಯಿಂದ ತಿಂಗಳು ತಿಂಗಳು ರಿಪೇರಿ ಬರುತ್ತಿತ್ತಲ್ಲ, ಅದು ಬರುವುದಿಲ್ಲ. ತಿಜೋರಿ ಇದೆ, ಬೀಗವಿದೆ, ಕಾವಲುಗಾರ ಮಾತ್ರ ಇಲ್ಲ. ಇಂಟರ್ನೆಟ್ಟಿನಲ್ಲಿ ಪಿಂಚಣಿಯ ಲೆಕ್ಕ ನೋಡುವವರಿಗೆ, ಬಿಲ್ಲು ಕಟ್ಟುವವರಿಗೆ ಇದು ಸಣ್ಣ ಮಾತಲ್ಲ. ಮೋಸಕ್ಕೆ ಸಿಕ್ಕಿ ಕೌಂಟರಿನ ಮುಂದೆ ಬಂದು ಮಾತು ಬಾರದೆ ನಿಲ್ಲುವ ವೃದ್ಧರನ್ನು ಕಣ್ಣಾರೆ ಕಂಡವರಾದ ನಮಗಂತೂ ಅಲ್ಲ.

ಹಾಗಾದರೆ ಕಂಪೆನಿಯ ಮುಂದಿನ ವ್ಯವಸ್ಥೆಯಾದ ವಿಂಡೋಸ್ 11ನ್ನು ಹಾಕಿಕೊಂಡರಾಯಿತಲ್ಲ ಎಂದು ತಾವು ಕೇಳಬಹುದು. ಅದು ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಬಿಡಿಭಾಗ ಬೇಕು. ಕಂಪೆನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಸುಮಾರಾಗಿ 2018ಕ್ಕೆ ಹಿಂದಿನ ಬಹುಪಾಲು ಯಂತ್ರಗಳು ಆ ಪಟ್ಟಿಯಲ್ಲಿಲ್ಲ. ನಮ್ಮ ವಾಚನಾಲಯದ ಮೂರು ಕಂಪ್ಯೂಟರುಗಳೂ 2014ರಲ್ಲಿ ಸದಸ್ಯರ ವಂತಿಗೆಯಿಂದ ಕೊಂಡಂಥವು. ಮೂರೂ ಗಟ್ಟಿಮುಟ್ಟಾಗಿವೆ. ಅವುಗಳನ್ನು ಗುಜರಿಗೆ ಹಾಕಿ ಹೊಸದು ಕೊಳ್ಳೋಣವೆಂದರೆ ಖಜಾಂಚಿಗಳ ಮುಖ ನೋಡುವ ಧೈರ್ಯ ನಮಗೆ ಇರಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ನೆನಪಿಗೆ ಬಂದದ್ದು ಲಿನಕ್ಸ್. ಅದರ ಹುಟ್ಟಿನ ಕಥೆ ಚಿಕ್ಕದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು, ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಇನ್ನೊಬ್ಬರಿಗೆ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. ಗೋಡೆ, ಮಾಡು ಎಲ್ಲ ಎದ್ದವು, ನಡುಗಂಬವೊಂದು ಉಳಿದಿತ್ತು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ, ತಾನು ಹವ್ಯಾಸಕ್ಕಾಗಿ ಒಂದು ವ್ಯವಸ್ಥೆಯನ್ನು ಬರೆಯುತ್ತಿದ್ದೇನೆಂದು ತಿಳಿಸಿದ. ಆ ನಡುಗಂಬವೇ ಲಿನಕ್ಸ್. ತಾವು ಕಿಸೆಯಲ್ಲಿಟ್ಟುಕೊಂಡಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ. ಪ್ರಪಂಚದ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಲ್ಲಿ ಲಿನಕ್ಸ್ ಬಿಟ್ಟು ಬೇರೊಂದು ಉಳಿದಿರಲಿಲ್ಲ. ಆದುದರಿಂದ "ಬಿಟ್ಟಿಯದು, ಗಟ್ಟಿಯಿರಲಾರದು" ಎಂಬ ಅನುಮಾನಕ್ಕೆ ಎಡೆಯಿಲ್ಲ.

ಆದರೂ ಅನುಮಾನ ಬರುವುದು ಸಹಜ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಗಾದೆಯುಂಟು. ಕೊಟ್ಟದ್ದನ್ನು ಅಳೆದು ನೋಡುವವನನ್ನು ಹೀಗಳೆಯುವ ಗಾದೆ ಅದು. ಈ ವ್ಯವಸ್ಥೆಯನ್ನು ಕಟ್ಟಿದವರದು ಅದಕ್ಕೆ ನೇರ ವಿರುದ್ಧವಾದ ಮಾತು. ಮೊಳ ಹಾಕಿ ನೋಡಿರೆಂದೇ ಅವರು ದಟ್ಟಿ ಕೊಡುತ್ತಾರೆ. ನೂಲು ಎಲ್ಲಿಯದು, ಹೆಣಿಗೆ ಹೇಗೆ ಎಂಬುದನ್ನೆಲ್ಲ ಬಿಚ್ಚಿ ತೋರಿಸುತ್ತಾರೆ. ಬೆಲೆಯಿಲ್ಲ ಎಂಬುದಕ್ಕಿಂತ ಈ ಬಿಚ್ಚುಮನಸ್ಸೇ ದೊಡ್ಡದೆಂದು ನಮಗೆ ತೋರುತ್ತದೆ.

ಲಿನಕ್ಸಿನಲ್ಲಿ ಒಂದೇ ಬಗೆಯಿಲ್ಲ, ನೂರಾರು ಬಗೆಗಳುಂಟು. ಯಾವುದನ್ನು ಆರಿಸಬೇಕೆಂದು ನಾವು ಐದು ಮಂದಿಯೇ ಒಂದು ತಿಂಗಳು ಜಗಳವಾಡಿದೆವು. ಆ ತಿಂಗಳಲ್ಲಿ ಒಂದು ಕಂಪ್ಯೂಟರೂ ಬದಲಾಗಲಿಲ್ಲ. ಕೊನೆಗೆ ಲಿನಕ್ಸ್ ಮಿಂಟ್ ಎಂಬುದನ್ನು ಆರಿಸಿದೆವು. ಕ್ಲೆಮೆಂಟ್ ಲೆಫೆಬ್ವ್ರ್ ಎಂಬವರು 2006ರಲ್ಲಿ ಆರಂಭಿಸಿ, ಬಹುಮಟ್ಟಿಗೆ ಬಳಕೆದಾರರ ದೇಣಿಗೆಯಿಂದ ನಡೆದು ಬಂದಿರುವ ವ್ಯವಸ್ಥೆ ಅದು. 2024ರ ಜುಲೈಯಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರವರೆಗೆ ಪೋಷಣೆಯ ಭರವಸೆಯಿದೆ. 2 ಜಿಬಿ ಸ್ಮರಣೆಯಿದ್ದರೂ ನಡೆದೀತು, 4 ಜಿಬಿ ಇದ್ದರೆ ಅನುಕೂಲ. ಎಡಗಡೆ ಕೆಳಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ವಿಂಡೋಸಿಗೆ ಒಗ್ಗಿದ ಕಣ್ಣಿಗೆ ಅಪರಿಚಿತವೆನಿಸುವುದಿಲ್ಲ. ಬರೆವಣಿಗೆಗೂ ಲೆಕ್ಕಕ್ಕೂ ಲಿಬ್ರೆ ಆಫೀಸ್, ಇಂಟರ್ನೆಟ್ಟಿಗೆ ಫೈರ್‌ಫಾಕ್ಸ್ ಅದರೊಡನೆಯೇ ಬರುತ್ತವೆ. ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲವೆಂದು ನಾವು ಹೇಳುವುದಿಲ್ಲ. ಕಲಿಸುವ ಐವರೂ ಒಂದನ್ನೇ ಬಲ್ಲವರಾದರೆ ಕಲಿಯುವವನಿಗೆ ಗೊಂದಲವಿಲ್ಲ ಎಂಬುದಷ್ಟೇ ನಮ್ಮ ಲೆಕ್ಕಾಚಾರ.

ಇಷ್ಟಾದ ಮೇಲೆ ನಮಗೆ ಹುಮ್ಮಸ್ಸು ಬಂದಿತು. ತಪ್ಪು ನಡೆದುದು ಆ ಹುಮ್ಮಸ್ಸಿನಲ್ಲಿಯೇ.

ನಮ್ಮ ಸಂಘದಲ್ಲಿ ಒಬ್ಬ ಮಾಸ್ತರರು ಇದ್ದಾರೆ. ಹೆಸರು ಹೇಳುವುದು ಅವರಿಗೆ ಇಷ್ಟವಿಲ್ಲ. ಈ ನಗರದ ಕನ್ನಡ ರಾತ್ರಿಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವರು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕಣ್ಣೆಳೆಯುತ್ತಿದ್ದರೂ ಬೆಂಚಿನ ಮೇಲೆ ಬಂದು ಕೂರುತ್ತಿದ್ದ ಹುಡುಗರಿಗೆ ಅಕ್ಷರ ಕಲಿಸಿದವರು. ಆ ಶಾಲೆಯ ನೆನಪುಗಳನ್ನು ಅವರು ನಾಲ್ಕು ವರ್ಷದಿಂದ ತಮ್ಮ ಮನೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಿಂದ ಕನ್ನಡದಲ್ಲಿ ಬೆರಳಚ್ಚು ಮಾಡುತ್ತಿದ್ದರು. 2025ರ ಜುಲೈಯಲ್ಲಿ ಒಂದು ದಿನ, "ಇದು ತುಂಬ ನಿಧಾನವಾಗಿದೆ, ಸ್ವಲ್ಪ ನೋಡಿ ಮಾರಾಯ್ರೆ" ಎಂದು ನಮ್ಮನ್ನು ಕರೆದರು. ಎಷ್ಟೋ ದಿನದಿಂದ ಅಂಥ ಕರೆಗಾಗಿ ಕಾದಿದ್ದವರು ನಾವು. ಪೆನ್ ಡ್ರೈವ್ ಹಿಡಿದುಕೊಂಡು ಹೋದೆವು.

"ಮಾಸ್ತರೆ, ಬೇಕಾದ್ದೆಲ್ಲ ಬೇರೆ ಕಡೆ ತೆಗೆದಿಟ್ಟಿದ್ದೀರೋ?" ಎಂದು ಕೇಳಿದೆವು. "ಎಲ್ಲ ಉಂಟು" ಎಂದರು ಅವರು. ಎಲ್ಲ ಕಂಪ್ಯೂಟರಿನಲ್ಲಿ ಉಂಟು ಎಂಬುದು ಅವರ ಅರ್ಥ. ಎಲ್ಲ ಬೇರೆ ಕಡೆ ಉಂಟು ಎಂದು ನಾವು ಅರ್ಥ ಮಾಡಿಕೊಂಡೆವು. ಆದರೂ ಇರಲಿ ಎಂದು ತೆರೆಯ ಮೇಲೆ ಇದ್ದುದನ್ನೂ ಡಾಕ್ಯುಮೆಂಟ್ಸ್ ಎಂಬ ಕಪಾಟಿನಲ್ಲಿ ಇದ್ದುದನ್ನೂ ನಕಲು ಮಾಡಿಕೊಂಡೆವು. ಡಿ ಡ್ರೈವ್ ಎಂಬ ಇನ್ನೊಂದು ಭಾಗವನ್ನು ತೆರೆದು ನೋಡಲಿಲ್ಲ. ಇಡೀ ಡಿಸ್ಕನ್ನು ಅಳಿಸಿ ಮಿಂಟ್ ಹಾಕುವುದೇ ಎಂದು ತೆರೆಯ ಮೇಲೆ ಪ್ರಶ್ನೆ ಬಂದಾಗ ಹೌದೆಂದು ಒತ್ತಿದೆವು. ಕಾಲು ಗಂಟೆಯಲ್ಲಿ ಹೊಸ ವ್ಯವಸ್ಥೆ ಎದ್ದು ನಿಂತಿತು. ಹಳೆಯ ಯಂತ್ರ ಹುಡುಗನ ಹಾಗೆ ಓಡುತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

"ಚಂದ ಆಯಿತು. ನನ್ನ ಶಾಲೆ ಎಲ್ಲುಂಟು?" ಎಂದು ಮಾಸ್ತರರು ಕೇಳಿದರು.

ಅವರ ಶಾಲೆ ಡಿ ಡ್ರೈವಿನಲ್ಲಿತ್ತು. ಅಳಿಸಿಹೋದುದನ್ನು ಮರಳಿ ಹುಡುಕುವ ತಂತ್ರಾಂಶಗಳನ್ನು ತಂದು ಮೂರು ರಾತ್ರಿ ಕೂತೆವು. ಸಿಕ್ಕಿದ್ದು ಹರಿದ ಚೂರುಗಳು. ಅದೃಷ್ಟಕ್ಕೆ ಹಿಂದೊಮ್ಮೆ ಅವರು ಮೊದಲ 60 ಪುಟಗಳನ್ನು ಅಳಿಯನಿಗೆ ಈ-ಮೇಲಿನಲ್ಲಿ ಕಳುಹಿಸಿದ್ದರು. ಅದಷ್ಟು ಉಳಿಯಿತು. ಉಳಿದ ಸುಮಾರು 80 ಪುಟ ಹೋಯಿತು. ಮಾಸ್ತರರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. "ಡಬ್ಬಿ ತೊಳೆಯುವ ಮೊದಲು ಒಳಗೆ ಏನುಂಟೆಂದು ನೋಡಬೇಕಲ್ಲವೋ?" ಎಂದಷ್ಟೇ ಹೇಳಿ, ಮನೆಯವರನ್ನು ಕರೆದು ನಮಗೆ ಕಾಫಿ ತರಲು ಹೇಳಿದರು. ಆ ಕಾಫಿ ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ಮಹನೀಯರೆ, ಆ ದಿನ ನಾವು ಏನು ಮಾಡಿದ್ದೆವೆಂದು ಆಮೇಲೆ ಯೋಚಿಸಿದೆವು. ಅವರು ಕೇಳಿದ್ದು ತಮ್ಮ ಬರೆವಣಿಗೆ ಬೇಗ ಸಾಗಬೇಕೆಂದು. ನಾವು ಕೊಟ್ಟದ್ದು ನಮಗೆ ಪ್ರಿಯವಾದ ಒಂದು ವಸ್ತುವನ್ನು. ಸಹಾಯ ಮಾಡಲು ಹೊರಟವನಿಗೆ ತನ್ನ ವಸ್ತುವಿನ ಮೇಲಿನ ಪ್ರೀತಿಯೇ ಕಣ್ಣಿಗೆ ಪೊರೆಯಾಗಬಹುದೆಂಬುದನ್ನು ಅಂದು ಕಂಡೆವು. ಅಂದಿನಿಂದ ನಾವು ಕೆಲಸದ ಕ್ರಮವನ್ನೇ ಬದಲಿಸಿದೆವು. ಈ ಕ್ರಮವನ್ನು ತಮಗೆ ಅರಿಕೆ ಮಾಡುವುದೇ ಈ ಭಾಷಣದ ಉದ್ದೇಶ.

ಮೊದಲನೆಯದಾಗಿ, ನಾವು ಈಗ ಯಂತ್ರದಿಂದ ಆರಂಭಿಸುವುದಿಲ್ಲ, ಮನುಷ್ಯನಿಂದ ಆರಂಭಿಸುತ್ತೇವೆ. "ತಾವು ಕಂಪ್ಯೂಟರಿನಲ್ಲಿ ಏನೇನು ಮಾಡುತ್ತೀರಿ? ಎದುರಿಗೆ ಮಾಡಿ ತೋರಿಸಿ" ಎಂದು ಕೇಳಿ, ಕೈಕಟ್ಟಿ ಕೂತು ನೋಡುತ್ತೇವೆ. ಒಂದು ಕಾಗದದಲ್ಲಿ ಬರೆದುಕೊಳ್ಳುತ್ತೇವೆ. ಮಹಿಳಾ ವಿಭಾಗದ ಅಕ್ಕ ಒಬ್ಬರು ತಮ್ಮ ಚೀಟಿಯ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದರು. ಅವರಿಗೆ ಲಿನಕ್ಸಿನ ಇತಿಹಾಸ ಬೇಡ, "ನನ್ನ ಚೀಟಿ ತೆರೆಯುತ್ತದೆಯೋ?" ಎಂಬುದೊಂದೇ ಪ್ರಶ್ನೆ. ಅದನ್ನು ಲಿಬ್ರೆ ಆಫೀಸಿನಲ್ಲಿ ತೆರೆದು, ಕೂಡಿಸಿದ ಮೊತ್ತ ಎರಡೂ ಕಡೆ ತಾಳೆಯಾಗುವುದನ್ನು ತೋರಿಸಿದೆವು. ಬಣ್ಣ ಸ್ವಲ್ಪ ಬೇರೆಯಾಯಿತು, ಮೊತ್ತ ಬೇರೆಯಾಗಲಿಲ್ಲ. ಅವರಿಗೆ ನಂಬಿಕೆ ಬಂದದ್ದು ನಮ್ಮ ಮಾತಿನಿಂದಲ್ಲ, ಆ ಮೊತ್ತದಿಂದ.

ಎರಡನೆಯದಾಗಿ, ನಕಲು. ಡಿಸ್ಕಿನ ಪ್ರತಿಯೊಂದು ಭಾಗವನ್ನೂ ತೆರೆದು ನೋಡಿ, ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡದ ಹೊರತು ಹಳೆಯದನ್ನು ಮುಟ್ಟುವುದಿಲ್ಲ. ನಕಲಾಯಿತೆಂದು ಒಬ್ಬರು ಹೇಳಿದರೆ ಸಾಲದು, ಇನ್ನೊಬ್ಬರು ನೋಡಿ ರುಜು ಹಾಕಬೇಕು. ಬ್ಯಾಂಕಿನಲ್ಲಿ ತಿಜೋರಿಗೆ ಎರಡು ಬೀಗದ ಕೈಗಳು ಇಬ್ಬರ ಬಳಿ ಇರುವುದು ಯಾರ ಮೇಲೂ ಅಪನಂಬಿಕೆಯಿಂದಲ್ಲ. ಮನುಷ್ಯ ಮರೆಯುತ್ತಾನೆ ಎಂಬ ತಿಳಿವಳಿಕೆಯೂ ಅದರಲ್ಲಿದೆ.

ಮೂರನೆಯದಾಗಿ, ರುಚಿ ನೋಡಿಸುವುದು. ಸುಮಾರು 3 ಜಿಬಿ ಗಾತ್ರದ ಈ ವ್ಯವಸ್ಥೆಯನ್ನು ಇಂಟರ್ನೆಟ್ಟಿನಿಂದ ಇಳಿಸಿ 8 ಜಿಬಿಯ ಒಂದು ಪೆನ್ ಡ್ರೈವಿಗೆ ಹಾಕಿದರೆ, ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಏನನ್ನೂ ಬದಲಾಯಿಸದೆ ಪೆನ್ ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಧ್ವನಿ ಬರುತ್ತದೆಯೇ, ವೈ-ಫೈ ಹಿಡಿಯುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂಬುದೆಲ್ಲ ಮೊದಲೇ ತಿಳಿಯುತ್ತದೆ. ಪೆನ್ ಡ್ರೈವ್ ಕಿತ್ತು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಹಳೆಯದು ಇದ್ದ ಹಾಗೇ ಇದೆ. ಮೊಳ ಹಾಕಿ ನೋಡುವುದೆಂದರೆ ಇದೇ. ಮಾಸ್ತರರ ಮನೆಯಲ್ಲಿ ನಾವು ಈ ಹೆಜ್ಜೆಯನ್ನೇ ಹಾರಿಬಿಟ್ಟಿದ್ದೆವು.

ನಾಲ್ಕನೆಯದಾಗಿ, ಕೆಲವು ಕಾಲ ಎರಡನ್ನೂ ಇಟ್ಟುಕೊಳ್ಳುವುದು. ಬ್ಯಾಂಕುಗಳಿಗೆ ಯಂತ್ರ ಬರಲಿ ಎಂದು ಡಾ. ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ನಮ್ಮ ಶಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಆ ಬಳಿಕದ ದಿನಗಳ ಕಥೆಯನ್ನು ನಮಗೆ ಹೇಳಿದ್ದರು. ಲೆಡ್ಜರಿನಿಂದ ಕಂಪ್ಯೂಟರಿಗೆ ಹೋಗುವಾಗ ಕೆಲವು ತಿಂಗಳು ಲೆಕ್ಕವನ್ನು ಎರಡರಲ್ಲೂ ಬರೆದು, ಸಂಜೆ ಎರಡರ ಬಾಕಿಯೂ ತಾಳೆಯಾದ ಮೇಲೆಯೇ ಮನೆಗೆ ಹೋಗಬೇಕಿತ್ತಂತೆ. ದುಪ್ಪಟ್ಟು ಕೆಲಸವೆಂದು ಎಲ್ಲರೂ ಗೊಣಗಿದರಂತೆ. ಆದರೆ ಲೆಡ್ಜರು ಕಪಾಟಿಗೆ ಹೋದ ದಿನ ಒಬ್ಬರಿಗೂ ಭಯವಿರಲಿಲ್ಲವಂತೆ. ಮಿಂಟನ್ನೂ ವಿಂಡೋಸಿನ ಪಕ್ಕದಲ್ಲಿ, ಅದನ್ನು ಅಳಿಸದೆ, ಹಾಕಲು ಬರುತ್ತದೆ. ಕಂಪ್ಯೂಟರ್ ಏಳುವಾಗ ಯಾವುದು ಬೇಕೆಂದು ಕೇಳುತ್ತದೆ. ಇಂಟರ್ನೆಟ್ಟಿನ ಕೆಲಸವನ್ನೆಲ್ಲ ಮಿಂಟಿನಲ್ಲಿ ಮಾಡಿ, ಒಗ್ಗದ ಕೆಲಸಕ್ಕೆ ಮಾತ್ರ ಹಳೆಯದಕ್ಕೆ ಹೋಗಿ ಎಂದು ಹೇಳುತ್ತೇವೆ. ಹಿಂದಿರುಗುವ ದಾರಿ ತೆರೆದಿದೆಯೆಂದು ತಿಳಿದವನು ಧೈರ್ಯವಾಗಿ ಮುಂದೆ ಹೋಗುತ್ತಾನೆ.

ಐದನೆಯದಾಗಿ, ಕನ್ನಡ. ಇತರ ಊರುಗಳಲ್ಲಿ ಈ ಕೆಲಸ ಮಾಡುವವರಿಗೆ ಇದು ಕೊನೆಯ ಮಾತಾಗಿರಬಹುದು. ಕನ್ನಡ ಸಂಘದವರಾದ ನಮಗೆ ಮೊದಲ ಮಾತು. ಮಾಸ್ತರರಿಗೆ ಅಳಿಯನಿಂದ ಮರಳಿ ಬಂದ ಆ 60 ಪುಟಗಳನ್ನು ಹೊಸ ವ್ಯವಸ್ಥೆಯಲ್ಲಿ ತೆರೆದಾಗ ತೆರೆಯ ಮೇಲೆ ಕಂಡದ್ದು ಕನ್ನಡವಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದೂ ಹೋಯಿತೆಂದು ಅವರ ಮುಖ ಬಾಡಿತು. ಹೋಗಿರಲಿಲ್ಲ. ಹಿಂದಿನ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಹಾಗಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವುಂಟು. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳುಂಟು. ಅದನ್ನು ಹಾಕಿ ಪರಿವರ್ತಿಸಿದೆವು. ಪುಟಗಳು ಕಣ್ಣೆದುರೇ ಕನ್ನಡವಾದವು. ಒಂದೆರಡು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿದೆವು. ತಮ್ಮಲ್ಲಿ ಯಾರ ಬಳಿಯಾದರೂ ಅಂಥ ಹಳೆಯ ಕಡತಗಳಿದ್ದರೆ, ಯಾವ ವ್ಯವಸ್ಥೆಯನ್ನೇ ಬಳಸಿರಿ, ಮೊದಲು ಅವನ್ನು ಯೂನಿಕೋಡಿಗೆ ತನ್ನಿರೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಇನ್ನು ಕೀಲಿಮಣೆ. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದೀತೆಂದು ಮಾಸ್ತರರು ಹೆದರಿದ್ದರು. ಮಿಂಟಿನ ಕೀಲಿಮಣೆಗಳ ಪಟ್ಟಿಯನ್ನು ತೆರೆದಾಗ ಕನ್ನಡದ ಕೆಳಗೆ 'ಕಗಪ' ಎಂಬ ಹೆಸರೇ ಕಾಣಿಸಿತು! ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ನಡೆಯುವ ಆ ವಿನ್ಯಾಸದ ಮೂಲಪುರುಷರು ಶ್ರೀ ಕೆ. ಪಿ. ರಾವ್ ಅವರು, ನಮ್ಮ ಈ ಮುಂಬಯಿಯಲ್ಲಿಯೇ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. 'ಕ'ಕಾರಕ್ಕೆ ಇಂಗ್ಲಿಷಿನ ಕೆ, 'ಮ'ಕಾರಕ್ಕೆ ಎಂ, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ಸ್ವರಗಳಲ್ಲಿ ಸಣ್ಣ ವ್ಯತ್ಯಾಸವಿದೆ, ಎರಡು ದಿನದಲ್ಲಿ ರೂಢಿಯಾಗುತ್ತದೆ. ಗುಬ್ಬಿ, ನವಿಲು ಎಂಬ ಎರಡು ಮುದ್ದಾದ ಕನ್ನಡ ಅಕ್ಷರಶೈಲಿಗಳೂ ಇಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಮೆನುಗಳನ್ನು ಕನ್ನಡದಲ್ಲಿ ಇಟ್ಟುಕೊಳ್ಳಲೂ ಬರುತ್ತದೆ. ಆದರೆ ಅನುವಾದ ಪೂರ್ಣವಾಗಿಲ್ಲ. ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ. ಅದನ್ನು ತುಂಬುವ ಅಧಿಕಾರವನ್ನು ಯಾರೂ ನಮ್ಮಿಂದ ಕಿತ್ತುಕೊಂಡಿಲ್ಲ. ಕನ್ನಡ ಬಲ್ಲ ಯಾರೇ ಆಗಲಿ ಕೂತು ಅನುವಾದಿಸಿ ಕಳುಹಿಸಬಹುದು. ಬಿಚ್ಚಿಟ್ಟ ವ್ಯವಸ್ಥೆಯ ಗುಣ ಅದು.

ಆರನೆಯದು ತೀರ ಸಣ್ಣ ವಿಷಯ. ಆದರೆ ನಮಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಕಲಿಯುವವರ ಕೈಯಿಂದ ಮೌಸನ್ನು ಕಿತ್ತುಕೊಳ್ಳಬಾರದು. ಅವರು ತಡವರಿಸುತ್ತಾರೆ, ಬೇರೆಲ್ಲೋ ಒತ್ತುತ್ತಾರೆ, ನಮ್ಮ ಕೈ ತುರಿಸುತ್ತದೆ. "ಕೊಡಿ ಇಲ್ಲಿ" ಎಂದು ನಾವೇ ಎರಡು ನಿಮಿಷದಲ್ಲಿ ಮಾಡಿ ಮುಗಿಸಿದರೆ ಅವರು ಕಲಿಯುವುದು ಒಂದನ್ನೇ: ಇದು ತನ್ನಿಂದಾಗದ ಕೆಲಸ ಎಂಬುದನ್ನು. ಇದನ್ನು ನಮಗೆ ಹೇಳಿಕೊಟ್ಟವರು ಮಾಸ್ತರರೇ. ರಾತ್ರಿಶಾಲೆಯಲ್ಲಿ ಬಳಪ ಹುಡುಗನ ಕೈಯಲ್ಲಿಯೇ ಇರಬೇಕು, ಮಾಸ್ತರನ ಕೈ ಹುಡುಗನ ಕೈಯ ಮೇಲೆ ಇರಬಹುದು, ಅಷ್ಟೇ. ಅದೂ ಮೊದಲ ವಾರ ಮಾತ್ರ ಎಂದರು ಅವರು. ತೀರ ಕೆಟ್ಟುಹೋದರೆ ಎಂಬ ಭಯವಿದ್ದವರಿಗೆ ಮಿಂಟಿನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನವುಂಟು. ಅದು ವ್ಯವಸ್ಥೆಯ ನೆರಳಚ್ಚನ್ನು ಆಗಾಗ ತೆಗೆದಿಟ್ಟುಕೊಂಡು, ಕೆಟ್ಟಾಗ ಹಿಂದಿನ ಸ್ಥಿತಿಗೆ ಒಯ್ಯುತ್ತದೆ. ಆದರೆ ಅದು ಕಾಯುವುದು ವ್ಯವಸ್ಥೆಯನ್ನು. ನಮ್ಮ ಕಡತಗಳ ನಕಲನ್ನು ನಾವೇ ಇಟ್ಟುಕೊಳ್ಳತಕ್ಕದ್ದು.

ಕೊನೆಯದಾಗಿ, ಬೇಡವೆನ್ನುವುದೂ ಸಹಾಯವೇ. ಹೋಟೆಲು ನಡೆಸುವ ಸದಸ್ಯರೊಬ್ಬರ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಅಡ್ಡದಾರಿಯಲ್ಲಿ ಅದನ್ನು ಲಿನಕ್ಸಿನಲ್ಲಿ ನಡೆಸುವ ಸಾಹಸಕ್ಕೆ ಅವರ ದಿನದ ವ್ಯಾಪಾರವನ್ನು ಪಣಕ್ಕಿಡುವುದು ಸಲ್ಲದು. "ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ 11 ಇರುವ ಯಂತ್ರವನ್ನೇ ಕೊಳ್ಳಿ, ಮನೆಯ ಹಳೆಯದನ್ನು ಮಕ್ಕಳಿಗಾಗಿ ಮಿಂಟಿಗೆ ಕೊಡಿ" ಎಂದೆವು. ಕೆಲವು ಪ್ರಿಂಟರುಗಳು, ಕಚೇರಿಯ ಕೆಲವು ತಂತ್ರಾಂಶಗಳು, ತೆರಿಗೆಯವರ ಡಿಜಿಟಲ್ ಸಹಿಯ ಕೆಲವು ಸಾಧನಗಳು ಹೀಗೆಯೇ ಹಟ ಹಿಡಿಯಬಹುದು. ಅದನ್ನು ಮೊದಲೇ ಹೇಳಬೇಕು. ದಟ್ಟಿ ಚಿಕ್ಕದಾಗಿದ್ದರೆ ಚಿಕ್ಕದೆಂದು ಕೊಡುವವನೇ ಹೇಳುವುದು ಮರ್ಯಾದೆ.

ಈ ಕ್ರಮದಲ್ಲಿ ವಾಚನಾಲಯದ ಮೂರೂ ಕಂಪ್ಯೂಟರುಗಳು ಮಿಂಟಿಗೆ ಬಂದಿವೆ. ಸದಸ್ಯರ ಮನೆಗಳಲ್ಲಿ ಹನ್ನೊಂದು ಯಂತ್ರಗಳು ಬದಲಾಗಿವೆ. ಇಬ್ಬರು ಒಗ್ಗದೆಂದು ಹಳೆಯದಕ್ಕೇ ಮರಳಿದರು. ಅವರ ಕಡತ ಒಂದೂ ಹೋಗಲಿಲ್ಲವೆಂಬುದನ್ನು ನಾವು ನಮ್ಮ ಗೆಲುವುಗಳ ಸಾಲಿನಲ್ಲಿಯೇ ಎಣಿಸುತ್ತೇವೆ. ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ನಮ್ಮಲ್ಲಿ ಇಬ್ಬರಾದರೂ ವಾಚನಾಲಯದಲ್ಲಿ ಇರುತ್ತೇವೆ. ಹಾಕಿಕೊಡುವುದು ಒಂದು ಗಂಟೆಯ ಕೆಲಸ. ಆಮೇಲೆ ಒಂದು ವರ್ಷ "ಇದು ಯಾಕೆ ಹೀಗಾಯಿತು" ಎಂದು ಕೇಳಿಕೊಂಡು ಬಂದವರಿಗೆ ಬೇಸರಿಸದೆ ಉತ್ತರ ಹೇಳುವುದೇ ನಿಜವಾದ ಕೆಲಸ.

ಮಾಸ್ತರರ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವರು ಭಾನುವಾರ ತಪ್ಪದೆ ಬರುತ್ತಾರೆ. ಹೋದ 80 ಪುಟಗಳನ್ನು ಮತ್ತೆ ಬರೆಯುತ್ತಿದ್ದಾರೆ. ಅವರೇ ಬೆರಳಚ್ಚು ಮಾಡುತ್ತಾರೆ. ಬೆರಳು ನೋಯುವಾಗ ಅವರು ಹೇಳುತ್ತಾರೆ, ನಾವು ಒತ್ತುತ್ತೇವೆ. 31 ಪುಟಗಳಾಗಿವೆ. ಪ್ರತಿ ವಾರ ಏಳುವ ಮೊದಲು ಮೂರು ಕಡೆ ನಕಲು ಇಡುತ್ತೇವೆ. ಒಂದು ದಿನ ಅವರು ಬರೆಯುತ್ತ ಬರೆಯುತ್ತ ನಿಲ್ಲಿಸಿ, ಒಬ್ಬ ಹುಡುಗ ಮೊದಲ ಬಾರಿ ತನ್ನ ತಾಯಿಗೆ ಸ್ವಂತ ಕೈಯಲ್ಲಿ ಕಾಗದ ಬರೆದ ಸಂಗತಿ ಹಿಂದಿನ ಪ್ರತಿಯಲ್ಲಿ ಇತ್ತು, ಆ ಹುಡುಗನ ಹೆಸರು ಈಗ ನೆನಪಿಗೆ ಬರುವುದಿಲ್ಲ ಎಂದರು. ನಾವು ಕಾದೆವು. ಹೆಸರು ಬರಲಿಲ್ಲ. "ಒಬ್ಬ ಹುಡುಗ ಎಂದೇ ಬರೆಯಿರಿ" ಎಂದರು. ಹಾಗೆಯೇ ಬರೆದೆವು.

ಆ ಹೆಸರು ನಮ್ಮ ಲೆಕ್ಕದಲ್ಲಿ ಬಾಕಿ ಉಳಿದಿದೆ. ಅದನ್ನು ತೀರಿಸಲು ನಮ್ಮಿಂದಾಗದು. ಹೊಸಬರೊಬ್ಬರ ಪಕ್ಕದಲ್ಲಿ ಕೂತಾಗಲೆಲ್ಲ ಅದನ್ನು ನೆನೆಯುತ್ತೇವೆ. ತಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಭಾನುವಾರ ತನ್ನಿರಿ. ಅದರೊಳಗೆ ಏನುಂಟೆಂದು ಮೊದಲು ಇಬ್ಬರೂ ಕೂಡಿ ನೋಡೋಣ. ಬದಲಿಸುವ ಮಾತು ಆಮೇಲೆ.